ಸ್ಪೈ ಅಕ್ಕ-ತಂಗಿ ಕಥೆ: ಗೋಡೆ ತಟ್ಟೋ ಚಾಪ್ಟರ್ ಮುಗೀತು

ಮಕ್ಕಳಿಗೆ ಅಂತ ಬರೀತಿರೋ ಸ್ಪೈ ಕಥೇಲಿ ಐದನೇ ಚಾಪ್ಟರ್ ಅಂತೂ ಒಂದು ಶೇಪಿಗೆ ಬಂತು. ಇಬ್ರಿಗೂ ಹೆಸರು ಫಿಕ್ಸ್ ಆಗಿಲ್ಲ, ಅಕ್ಕ ತಂಗಿ ಅಂತಾನೇ ಬರ್ಕೊಂಡು ಹೋಗ್ತಿದೀನಿ. ಅಕ್ಕಂಗೆ 13, ತಂಗಿಗೆ 9, ಇಬ್ರೂ ಜೂಡೋ ಕಲಿತೋರು, ಈಗ ಇಬ್ರನ್ನೂ ಅಕ್ಕಪಕ್ಕದ ರೂಮಲ್ಲಿ ಕೂಡಿಹಾಕಿದಾರೆ, ಬಾಯ್ಬಿಟ್ರೆ ಕಾವಲಿನವನಿಗೆ ಕೇಳ್ಸುತ್ತೆ, ಹಂಗಾದ್ರೆ ಮಾತಾಡ್ಕೊಳ್ಳೋದು ಹೆಂಗೆ?

ವಿಯೆಟ್ನಾಂ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕನ್ ಸೈನಿಕರು ಗೋಡೆ ತಟ್ಟಿ ಮಾತಾಡ್ತಿದ್ರು. ಐದು ಸಾಲು, ಐದು ಕಾಲಂ ಇರೋ ಚೌಕದಲ್ಲಿ ಅಕ್ಷರ ಕೂರಿಸಿ ಮೊದಲು ಸಾಲಿನ ನಂಬರ್ ತಟ್ಟೋದು, ಆಮೇಲೆ ಕಾಲಂದು. ಇಂಗ್ಲಿಷಿನ 26 ಅಕ್ಷರ 25 ಮನೇಲಿ ಹಿಡಿಯಲ್ಲ ಅಂತ ಕೆ ಬಿಟ್ಟು ಅದಕ್ಕೂ ಸಿ ನೇ ಬಳಸ್ತಿದ್ರು. ನಮಗೆ ಆ ತಲೆನೋವೇ ಇಲ್ಲ ನೋಡಿ, ಕ ಇಂದ ಮ ತನಕ ಕರೆಕ್ಟಾಗಿ 25, ಓದೋ ಮಕ್ಕಳಿಗೆ ಆ ಚೌಕ ಆಗ್ಲೇ ಬಾಯಿಪಾಠ. ಕದ ಅನ್ನೋಕೆ 1-1, 4-3, ಅಷ್ಟೇ. ಯ ಇಂದ ಳ ವರೆಗಿನ 9 ಅಕ್ಷರಕ್ಕೆ ಆರನೇ, ಏಳನೇ ಸಾಲು ಸೇರಿಸ್ದೆ.

ಕಾಗುಣಿತ ಮಾತ್ರ ಬೇಕಂತಾನೇ ಬಿಟ್ಟಿದೀನಿ. ಅಕ್ಕ 5-1, 3-1 ತಟ್ತಾಳೆ, ಅಂದ್ರೆ ಪ, ಟ. ತಂಗಿ ಅದನ್ನ ಪೇಟೆ ಅಂದ್ಕೊಂಡು ತಪ್ಪಿಸ್ಕೊಂಡಿದ್ದೇ ಪೇಟೆ ಕಡೆ ಓಡ್ತಾಳೆ, ಅಕ್ಕ ಹೇಳಿದ್ದು ಗೋಡೆ ಮೇಲಿನ ಪಟ, ಮ್ಯಾಪ್ ಇರೋದು ಅದರ ಹಿಂದೆ! ಆರನೇ ಚಾಪ್ಟರ್ ಪೂರ್ತಿ ಈ ಎಡವಟ್ಟಿನ ಮೇಲೇ ನಡಿಯುತ್ತೆ.

ಫೈಟ್ ಒಂದೇ ಒಂದು ಇದೆ, ಅದೂ ಚಿಕ್ಕದು. ಒಂಬತ್ತು ವರ್ಷದ ಹುಡುಗಿ ಆಳೆತ್ತರದ ಗಂಡಸನ್ನ ಗುದ್ದಿ ಕೆಡವಿದ್ಲು ಅಂದ್ರೆ ಮಕ್ಕಳೇ ನಂಬಲ್ಲ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಶುರು ಮಾಡಿದ ಜೂಡೋದಲ್ಲಿ ಎದುರಾಳಿಯ ಬ್ಯಾಲೆನ್ಸ್ ಮುರಿಯೋದೇ ಎಸೆತದ ಮೊದಲ ಹೆಜ್ಜೆ, ಅದಕ್ಕೆ ಕುಜುಶಿ ಅಂತಾರೆ. ಕಾವಲಿನವನು ಬಾಗಿಲು ತೆಗೆದು ನುಗ್ತಾನೆ, ತಂಗಿ ಅವನ ತೋಳು ಹಿಡಿದು ಎಳೀತಾ ಗಿರಕ್ಕಂತ ತಿರುಗಿ ಅವನ ಸೊಂಟಕ್ಕಿಂತ ಕೆಳಗೆ ಕುಕ್ಕರಗಾಲಾಗ್ತಾಳೆ. ಈ ಪಟ್ಟಲ್ಲಿ ಕುಳ್ಳಗಿರೋರಿಗೇ ಲಾಭ. ಆದ್ರೂ ಎತ್ತಿ ಎಸೆಯೋದು ಬೇಡ ಅನ್ನಿಸ್ತು, ಅವನ ಸ್ಪೀಡಿಗೆ ಅವನೇ ಮುಗ್ಗರಿಸಿ ಬೀಳ್ಲಿ, ಇವಳು ಹೊರಗೆ ಓಡ್ಲಿ. ಸ್ಪೈ ಕೆಲಸ ಗೆಲ್ಲೋದಲ್ಲ, ತಪ್ಪಿಸ್ಕೊಳ್ಳೋದು ತಾನೆ.

ಅಕ್ಕ ಕಿಟಕಿಯಿಂದ ಹಾರೋ ಸೀನ್ ಅರ್ಧ ಆಗಿದೆ. ಗದ್ದ ಎದೆಗೆ ಒತ್ಕೊಂಡು, ತಲೆ ನೆಲಕ್ಕೆ ತಾಗದ ಹಂಗೆ ಭುಜದ ಮೇಲೆ ಉರುಳ್ತಾಳೆ. ಇದನ್ನ ಓದಿ ಯಾರೂ ಮನೇಲಿ ಟ್ರೈ ಮಾಡ್ಬಾರ್ದು ಅಂತ ಕಿಟಕಿನ ನೆಲದ ಹತ್ರಕ್ಕೇ ಇಳಿಸ್ದೆ.

ಈಗ ತಲೆ ತಿಂತಿರೋದು ಒಂದೇ. ಕಾವಲಿನವನಿಗೂ ವರ್ಣಮಾಲೆ ಬರುತ್ತಲ್ಲ, ಎರಡು ಸಲ ಕಿವಿಗೊಟ್ರೆ ಬಿಡಿಸ್ಬಿಡ್ತಾನೆ! ಅದಕ್ಕೆ ಏಳನೇ ಚಾಪ್ಟರಿಂದ ಸಾಲುಗಳನ್ನ ಅದಲು ಬದಲು ಮಾಡ್ತೀನಿ, ಒಂದಿನ ಪ ಸಾಲು ಮೊದಲು, ಇನ್ನೊಂದಿನ ಚ ಸಾಲು. ಯಾವತ್ತು ಯಾವುದು ಅನ್ನೋದನ್ನ ಅಕ್ಕ ಬೆಳಿಗ್ಗೆ ತಂಗಿಗೆ ಜಡೆ ಹಾಕುವಾಗ ಎಷ್ಟು ಹೆಣಿಗೆ ಹಾಕಿದ್ಲು ಅನ್ನೋದ್ರಲ್ಲೇ ಹೇಳಿರ್ತಾಳೆ.