ಪೆರಿವೇಲ್‌ನ ಹೂವರ್

ಹೂವರ್ ಜೂನಿಯರ್ ಅನ್ನೋ ಹಳೆಯ ವ್ಯಾಕ್ಯೂಮ್ ಕ್ಲೀನರ್‌ನ ಬೆಲ್ಟ್ ಬದಲಾಯಿಸೋದು ಬಹಳ ಸುಲಭ. ಮಗುಚಿ ಹಾಕಿ ತಳದ ಲೋಹದ ಪ್ಲೇಟು ಬಿಚ್ಚಿದರೆ ಒಳಗೆ ಬ್ರಷ್ ರೋಲರ್ ಕಾಣುತ್ತದೆ. ಅದನ್ನು ಎತ್ತಿ, ಸವೆದ ರಬ್ಬರ್ ಬೆಲ್ಟ್ ತೆಗೆದು, ಹೊಸದನ್ನು ಮೋಟರಿನ ಶಾಫ್ಟಿಗೆ ಸಿಕ್ಕಿಸಿ, ರೋಲರನ್ನು ಮತ್ತೆ ಅದರ ಜಾಗಕ್ಕೆ ಒತ್ತಿದರೆ ಆಯಿತು. ಅನ್ನಕ್ಕೆ ಇಟ್ಟ ಕುಕ್ಕರ್ ಕೂಗೋದರೊಳಗೆ ಕೆಲಸ ಮುಗಿಯುತ್ತದೆ. ಮನೆಯವರೇ ಮಾಡಿಕೊಳ್ಳಲಿ ಅಂತಲೇ ಹಾಗೆ ಕಟ್ಟಿದ ಮೆಷಿನ್ ಅದು.

ನಮ್ಮಪ್ಪ ದಾವಣಗೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು ಎಲ್ಲಾ ಬರುತ್ತಿದ್ದವು. ವಾರ್ನಿಷ್ ವಾಸನೆಯಲ್ಲೇ ನಾನು ಬೆಳೆದದ್ದು. ಮದುವೆಯಾಗಿ ಲಂಡನ್ನಿನ ಪಶ್ಚಿಮ ಭಾಗದ ಗ್ರೀನ್‌ಫರ್ಡ್‌ಗೆ ಬಂದ ಮೇಲೆ ಜನ ಕಾರಿನ ಡಿಕ್ಕಿಯಿಂದಲೇ ಹಳೆ ಸಾಮಾನು ಮಾರುವ ಇಲ್ಲಿನ ಕಾರ್ ಬೂಟ್ ಸೇಲ್‌ಗಳಲ್ಲಿ ಹಳೆಯ ಹೂವರ್‌ಗಳು ಕಣ್ಣಿಗೆ ಬಿದ್ದವು. ಮೊದಲನೆಯದನ್ನು ಬಿಚ್ಚಿದಾಗ ಒಳಗೆಲ್ಲ ಗೊತ್ತಿರುವ ಸಾಮಾನೇ: ತಂತಿ ಸುತ್ತಿದ ತಿರುಗುವ ಆರ್ಮೇಚರ್, ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡುಗಳು, ಬೇರಿಂಗ್. ವೈರಿನ ಬಣ್ಣ ಕೂಡ ನಮ್ಮೂರಿನದೇ, ಕೆಂಪು ಮತ್ತು ಕಪ್ಪು. ಬ್ರಿಟನ್ನಿನಲ್ಲಿ 1970ರ ಆಸುಪಾಸಿನಲ್ಲಿ ಈ ವೈರುಗಳ ಬಣ್ಣ ಕಂದು ಮತ್ತು ನೀಲಿಗೆ ಬದಲಾಯಿತು. ಹಾಗಾಗಿ ವೈರು ನೋಡಿದರೇ ಮೆಷಿನ್ನಿನ ವಯಸ್ಸು ಅಂದಾಜಾಗುತ್ತದೆ.

ಈ ಮೆಷಿನ್‌ಗಳಲ್ಲಿ ನನಗೆ ಬಹಳ ಇಷ್ಟವಾಗೋದು ಆ ಬ್ರಷ್ ರೋಲರ್. ಹೂವರ್‌ನವರು 1926ರಲ್ಲಿ ಮಾಡೆಲ್ 700ರೊಂದಿಗೆ ಕಾರ್ಪೆಟ್ ತಟ್ಟುವ ಈ ಬಗೆಯ ರೋಲರನ್ನು ತಂದರು. ರೋಲರ್‌ನಲ್ಲಿ ಬ್ರಷ್ಷಿನ ಜೊತೆಗೆ ಲೋಹದ ಸಣ್ಣ ಪಟ್ಟಿಗಳೂ ಇರುತ್ತವೆ. ಗಾಳಿಯ ಎಳೆತಕ್ಕೆ ಕಾರ್ಪೆಟ್ ಸ್ವಲ್ಪ ಮೇಲೇಳುತ್ತದೆ. ಆಗ ಪಟ್ಟಿಗಳು ಅದನ್ನು ತಟತಟ ತಟ್ಟುತ್ತವೆ. ಬುಡದಲ್ಲಿ ಕೂತ ಮರಳು ಮೇಲಕ್ಕೆ ಬರುತ್ತದೆ, ಬ್ರಷ್ ಗುಡಿಸುತ್ತದೆ, ಗಾಳಿ ಎಳೆದುಕೊಳ್ಳುತ್ತದೆ. ಕಸ ನೇರವಾಗಿ ಫ್ಯಾನಿನೊಳಗೇ ಹಾದು ಹಿಂದಿನ ಚೀಲಕ್ಕೆ ಹೋಗುತ್ತದೆ. ಒಂದು ನಾಣ್ಯ ಒಳಗೆ ಹೋದರೆ ಫ್ಯಾನಿನ ರೆಕ್ಕೆಗೆ ಏಟು ಬಿದ್ದ ಸದ್ದು ಪಕ್ಕದ ರೂಮಿಗೂ ಕೇಳುತ್ತದೆ.

ಇದರ ಮೂಲ ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರು. ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅನ್ನೋರು ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದರು. ಅವರಿಗೆ ಉಬ್ಬಸ, ಧೂಳು ಅಂದರೆ ಆಗದು. ಫ್ಯಾನಿನ ಮೋಟರು, ಪೊರಕೆಯ ಕೋಲು, ದಿಂಬಿನ ಚೀಲ ಸೇರಿಸಿ ತಮ್ಮ ಕಷ್ಟಕ್ಕೆ ತಾವೇ ಒಂದು ಮೆಷಿನ್ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ಡಬ್ಲ್ಯೂ. ಎಚ್. ಹೂವರ್ ಅವರದು ಕುದುರೆ ಜೀನು, ಲಗಾಮಿನ ಚರ್ಮದ ವ್ಯಾಪಾರ. ಕಾರು ಬಂದು ಕುದುರೆಗಾಡಿ ಹೋಗುತ್ತಿದ್ದ ಕಾಲ ಅದು. ಇಷ್ಟು ದೊಡ್ಡ ಉದ್ಯಮ ಶುರುವಾದದ್ದು ಕಸ ಗುಡಿಸುವ ಒಬ್ಬ ಕೆಲಸಗಾರನ ಕೈಯಿಂದ. ಹೂವರ್ ಹೆಸರು ಎಲ್ಲರಿಗೂ ಗೊತ್ತು, ಸ್ಪ್ಯಾಂಗ್ಲರ್ ಹೆಸರು ಹೇಳೋರು ಕಮ್ಮಿ. ಅದಕ್ಕೇ ಇಲ್ಲಿ ಬರೆದೆ.

ಬ್ರಿಟನ್ನಿನ ಹೂವರ್ ಕಾರ್ಖಾನೆ ನಮ್ಮ ಪಕ್ಕದ ಪೆರಿವೇಲ್‌ನಲ್ಲಿತ್ತು. ವೆಸ್ಟರ್ನ್ ಅವೆನ್ಯೂ ರಸ್ತೆಯಲ್ಲಿ ಬಂದರೆ ಇವತ್ತಿಗೂ ಆ ಬಿಳಿ ಕಟ್ಟಡ ಕಾಣುತ್ತದೆ. 1930ರ ದಶಕದ ಆರಂಭದಲ್ಲಿ ವಾಲಿಸ್ ಗಿಲ್ಬರ್ಟ್ ಸಂಸ್ಥೆಯವರು ವಿನ್ಯಾಸ ಮಾಡಿದ್ದು. ವ್ಯಾಕ್ಯೂಮ್ ಕ್ಲೀನರ್ ಮಾಡುವ ಜಾಗಕ್ಕೆ ಅರಮನೆಯಂಥ ಮುಂಭಾಗ! ಅದೇ ವಿನ್ಯಾಸಕಾರರ ಫೈರ್‌ಸ್ಟೋನ್ ಟಯರ್ ಕಾರ್ಖಾನೆಯನ್ನು 1980ರ ಆಗಸ್ಟ್‌ನಲ್ಲಿ, ಸಾಲು ರಜೆಯ ವಾರಾಂತ್ಯದಲ್ಲಿ ಕೆಡವಿಬಿಟ್ಟರು. ಜನ ಸಿಟ್ಟಾದರು. ಆ ಗಲಾಟೆಯಿಂದಾಗಿ ಹೂವರ್ ಕಟ್ಟಡಕ್ಕೆ ರಕ್ಷಣೆ ಸಿಕ್ಕಿತು. ಕಟ್ಟಡ ಉಳಿಯಿತು, ಒಳಗಿನ ಕೆಲಸ ಉಳಿಯಲಿಲ್ಲ. 1982ರಲ್ಲಿ ಕಾರ್ಖಾನೆ ಮುಚ್ಚಿತು. 1992ರಲ್ಲಿ ಹಿಂಭಾಗದಲ್ಲಿ ಟೆಸ್ಕೋ ಸೂಪರ್‌ಮಾರ್ಕೆಟ್ ಬಂತು, ಈಚೆಗೆ ಮುಂಭಾಗದಲ್ಲಿ ಫ್ಲಾಟುಗಳಾದವು. ನಾವು ಹಾಲು, ಈರುಳ್ಳಿ ತರೋದು ಆ ಟೆಸ್ಕೋದಿಂದಲೇ.

ನಮ್ಮ ಬೀದಿಯ ಅಜ್ಜಿಯೊಬ್ಬರು ಪ್ರಾಯದಲ್ಲಿ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು, ಮೋಟರ್ ವಿಭಾಗದಲ್ಲಿ. ಒಂದು ಸಲ ಅವರ ಅಡುಗೆಮನೆಗೆ ಜೂನಿಯರ್ ಒಯ್ದು ಆನ್ ಮಾಡಿದೆ. ಅಜ್ಜಿ ಕತ್ತು ಒಂದು ಕಡೆ ವಾಲಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಒಂದು ಕಾರ್ಬನ್ ಸರಿಯಾಗಿ ಕೂತಿಲ್ಲ ಕಣಮ್ಮ" ಅಂದರು. ಬಿಚ್ಚಿ ನೋಡಿದರೆ ಎಡಗಡೆಯ ಕಾರ್ಬನ್ನಿನ ಸ್ಪ್ರಿಂಗ್ ಸೋತಿತ್ತು. ನಮ್ಮಪ್ಪನೂ ಮಿಕ್ಸಿಯನ್ನು ಹೀಗೇ ಕೇಳಿ ಹೇಳುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಹೋಗೋದು ಸಂಬಳ ಮಾತ್ರ ಅಲ್ಲ, ಇಂಥ ಕಿವಿಯೂ ಹೋಗುತ್ತದೆ. ದಾವಣಗೆರೆಯ ಹತ್ತಿ ಮಿಲ್ಲುಗಳು ಮುಚ್ಚಿದ್ದನ್ನು ನೋಡಿದವಳು ನಾನು. ಮಿಲ್ಲಿನ ಹಿಂದೆಯೇ ಸುತ್ತಲಿನ ಲೇತ್ ಅಂಗಡಿ, ಸ್ಪೇರ್ ಪಾರ್ಟ್ ಅಂಗಡಿಗಳೂ ಬಡವಾದವು.

ಹೂವರ್ ಕುಸಿದದ್ದಕ್ಕೆ ಇಲ್ಲಿ ಎಲ್ಲರೂ ಹೇಳೋದು ವಿಮಾನದ ಟಿಕೆಟಿನ ಕಥೆ. 1992ರಲ್ಲಿ ನೂರು ಪೌಂಡಿನ ಸಾಮಾನು ಕೊಂಡರೆ ಅಮೆರಿಕಕ್ಕೆ ಎರಡು ಟಿಕೆಟ್ ಉಚಿತ ಅಂತ ಕಂಪನಿ ಸಾರಿತು. ಟಿಕೆಟಿನ ಬೆಲೆಯೇ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಜನ ಮುಗಿಬಿದ್ದರು. ಸುಮಾರು 5 ಕೋಟಿ ಪೌಂಡ್ ಕೈಬಿಟ್ಟಿತು. ಆಗಿನ ಅಮೆರಿಕದ ಮಾಲೀಕರಾದ ಮೇಟ್ಯಾಗ್‌ನವರು 1995ರಲ್ಲಿ ಯುರೋಪಿನ ಹೂವರನ್ನು ಇಟಲಿಯ ಕ್ಯಾಂಡಿಗೆ ಮಾರಿದರು. ಆದರೆ ನನ್ನ ಪ್ರಕಾರ ರೋಗ ಅದಕ್ಕಿಂತ ಹಳೆಯದು. ಪೆರಿವೇಲ್ ಮುಚ್ಚಿ ಆಗಲೇ ಹತ್ತು ವರ್ಷವಾಗಿತ್ತಲ್ವಾ? ಮಾಲೀಕರಿಗೆ ಬೇಕಾಗಿದ್ದದ್ದು ಹೆಸರು, ಮೆಷಿನ್ ಎಲ್ಲಿ ತಯಾರಾದರೂ ಸರಿ. ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿ 1948ರಿಂದ ನಡೆದಿದ್ದ ವಾಷಿಂಗ್ ಮೆಷಿನ್ ಕಾರ್ಖಾನೆಯೂ 2009ರಲ್ಲಿ ನಿಂತಿತು. ಈಗ ಹೂವರ್ ಹೆಸರು ಅಮೆರಿಕದಲ್ಲಿ ಹಾಂಗ್‌ಕಾಂಗ್‌ನ ಕಂಪನಿಯೊಂದರದು, ಯುರೋಪಿನಲ್ಲಿ ಚೀನಾದ ಹೈಯರ್‌ನವರದು. ಬ್ರಿಟನ್ನಿನ ಇನ್ನೊಂದು ಕಂಪನಿ ಡೈಸನ್ ಕೂಡ 2002ರಲ್ಲಿ ವ್ಯಾಕ್ಯೂಮ್ ಕ್ಲೀನರ್ ತಯಾರಿಕೆಯನ್ನು ಇಂಗ್ಲೆಂಡಿನ ಮಾಮ್ಸ್‌ಬರಿಯಿಂದ ಮಲೇಷ್ಯಾಕ್ಕೆ ಒಯ್ದಿತು. ಸುಮಾರು 800 ಮಂದಿ ಕೆಲಸ ಕಳೆದುಕೊಂಡರು.

ಇಲ್ಲಿ ತಯಾರಿಸೋಕೆ ಆಗೋದೇ ಇಲ್ಲ ಅನ್ನೋರಿಗೆ ಸಾಮರ್ಸೆಟ್‌ನ ಚಾರ್ಡ್ ಊರನ್ನು ತೋರಿಸುತ್ತೇನೆ. ಮುಖದ ಮೇಲೆ ನಗು ಬರೆದಿರುವ, ಹೆನ್ರಿ ಅನ್ನೋ ಕೆಂಪು ವ್ಯಾಕ್ಯೂಮ್ ಕ್ಲೀನರ್ ಇವತ್ತಿಗೂ ಅಲ್ಲೇ ತಯಾರಾಗುತ್ತದೆ. ಆಫೀಸು, ಶಾಲೆ ಎಲ್ಲಿ ನೋಡಿದರೂ ಅದೇ. ಅದನ್ನು ಬಿಚ್ಚೋದೂ ಸುಲಭ, ಸ್ಪೇರ್ ಪಾರ್ಟೂ ಸಿಗುತ್ತದೆ. ಮಾಡೋರು ಮತ್ತು ಬಳಸೋರು ಹತ್ತಿರದಲ್ಲಿದ್ದರೆ ರಿಪೇರಿ ಆಗುವಂಥ ಮೆಷಿನ್ ಹುಟ್ಟುತ್ತದೆ ಅನ್ನೋದು ನನ್ನ ನಂಬಿಕೆ.

ನನ್ನ ಸಿಟ್ಟು ಇನ್ನೊಂದರ ಮೇಲಿದೆ. 2021ರಲ್ಲಿ ಬ್ರಿಟನ್ ರಿಪೇರಿ ಹಕ್ಕಿನ ನಿಯಮ ತಂದಿತು. ತಯಾರಕರು ವರ್ಷಗಟ್ಟಲೆ ಸ್ಪೇರ್ ಪಾರ್ಟ್ ಕೊಡಲೇಬೇಕು. ಆದರೆ ಅದು ವಾಷಿಂಗ್ ಮೆಷಿನ್, ಡಿಶ್‌ವಾಷರ್, ಫ್ರಿಜ್, ಟಿವಿಯಂಥವಕ್ಕೆ. ವ್ಯಾಕ್ಯೂಮ್ ಕ್ಲೀನರ್ ಆ ಪಟ್ಟಿಯಲ್ಲಿ ಇರಲಿಲ್ಲ! ಕೆಟ್ಟ ಸಾಮಾನನ್ನು ಒಟ್ಟಿಗೆ ಕೂತು ಸರಿಮಾಡುವ ಇಲ್ಲಿನ ರಿಪೇರಿ ಕೆಫೆಗೆ ಜನ ತರುವ ಈಗಿನ ಕಡ್ಡಿಯಂಥ ಕಾರ್ಡ್‌ಲೆಸ್ ಮೆಷಿನ್‌ಗಳನ್ನು ನೋಡಿದ್ದೇನೆ. ಹೊರಮೈ ಪ್ಲಾಸ್ಟಿಕ್ಕನ್ನು ಬೆಸೆದಿರುತ್ತಾರೆ. ಒಡೆಯದೆ ತೆಗೆಯೋಕೇ ಆಗದು. ಬ್ಯಾಟರಿ ಹೋಯಿತು ಅಂದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ತಿಪ್ಪೆಗೆ. ಈ ಪಟ್ಟಿಗೆ ವ್ಯಾಕ್ಯೂಮ್ ಕ್ಲೀನರನ್ನೂ ಸೇರಿಸಿ ಅಂತ ನಮ್ಮ ಎಂಪಿಗೆ ಪತ್ರ ಬರೆದಿದ್ದೇನೆ. ಇಂಗ್ಲೆಂಡಿನಲ್ಲಿ ಇರೋರು ನೀವೂ ಬರೆಯಿರಿ.

ಹಳೆಯ ಹೂವರ್ ನಿಮಗೇನಾದರೂ ಸಿಕ್ಕರೆ ತಕ್ಷಣ ಪ್ಲಗ್ ಹಾಕಬೇಡಿ. ಮೊದಲು ವೈರಿನ ಉದ್ದಕ್ಕೂ ಬೆರಳಾಡಿಸಿ. ರಬ್ಬರ್ ಬಿರುಕು ಬಿಟ್ಟಿದ್ದರೆ, ಬಟ್ಟೆ ಸುತ್ತಿದ ವೈರಾಗಿದ್ದರೆ, ತಿಳಿದವರ ಕೈಯಲ್ಲಿ ಪೂರ್ತಿ ಬದಲಾಯಿಸಿ. ಆಮೇಲೆ ಫ್ಯಾನಿನ ರೆಕ್ಕೆ ನೋಡಿ, ರೋಲರ್‌ಗೆ ಸುತ್ತಿಕೊಂಡ ಕೂದಲು ಕತ್ತರಿಸಿ ತೆಗೆಯಿರಿ. ಜೂನಿಯರ್‌ನ ಬೆಲ್ಟೂ ಚೀಲವೂ ಇವತ್ತಿಗೂ ಸಿಗುತ್ತವೆ. ಗ್ರೀನ್‌ಫರ್ಡ್ ಕಡೆ ಇದ್ದರೆ ನನ್ನ ಹತ್ತಿರ ತನ್ನಿ, ನೋಡಿಕೊಡುತ್ತೇನೆ. ತನ್ನದೇ ಗಾಳಿಯ ಮೇಲೆ ತೇಲುವ, ಚೆಂಡಿನಂತಿರುವ 1950ರ ದಶಕದ ಕಾನ್‌ಸ್ಟೆಲೇಷನ್ ಅನ್ನೋ ಹೂವರ್ ಯಾರ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಎಸೆಯಬೇಡಿ. ನಾನೇ ಬಂದು ಒಯ್ಯುತ್ತೇನೆ.