ರೆಫರಿ ಯಾವ ದೇಶದವರು?

ಕಳೆದ ಭಾನುವಾರ ಕಿವಿಗೆ ಬಿದ್ದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಕೇಳಿದವನು ನನ್ನ ಅಕ್ಕನ ಮಗ. ರಗ್ಬಿ ಅವನಿಗೆ ಹೊಸದು. ನಿಯಮಗಳು ಈಗಷ್ಟೇ ತಲೆಗೆ ಹತ್ತುತ್ತಿವೆ. ಯಾವ ತಂಡದ ಮೇಲೂ ಅಭಿಮಾನವಿಲ್ಲ, ಯಾವ ತಂಡದ ಮೇಲೂ ಕೋಪವಿಲ್ಲ. ಅಂಥವನಿಗೆ ತೋರಿಸಲು ಒಂದು ಒಳ್ಳೆಯ ಪಂದ್ಯ ಬೇಕೆಂದು 2025ರ ಜುಲೈ 26ರಂದು ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯಾ ಮತ್ತು ಲಯನ್ಸ್ (ಬ್ರಿಟನ್–ಐರ್ಲೆಂಡಿನ ಜಂಟಿ ತಂಡ) ನಡುವಿನ ಎರಡನೇ ಟೆಸ್ಟಿನ ಪೂರ್ತಿ ವಿಡಿಯೊ ಹಾಕಿದ್ದೆ. ಮೊದಲಾರ್ಧದಲ್ಲಿ ಆಸ್ಟ್ರೇಲಿಯಾ 23–5ರಿಂದ ಮುಂದಿತ್ತು. ಅಲ್ಲಿಂದ ಲಯನ್ಸ್ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಕೊನೆಯ ನಿಮಿಷದಲ್ಲಿ ಹ್ಯೂಗೊ ಕೀನನ್ ಎಡಬದಿಯಲ್ಲಿ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಟ್ರೈ ಗಳಿಸಿದಾಗ ಹುಡುಗ ಕುರ್ಚಿಯಿಂದ ಎದ್ದೇ ಬಿಟ್ಟ. ತೊಂಬತ್ತು ಸಾವಿರ ಜನ ತುಂಬಿದ ಕ್ರೀಡಾಂಗಣ. ಅಲ್ಲಿಯವರೆಗೆ ಎಲ್ಲವೂ ನಾನು ಬಯಸಿದ ಹಾಗೆಯೇ ನಡೆದಿತ್ತು.

ಆಮೇಲೆ ಆಟ ನಿಂತಿತು. ಟ್ರೈಗೆ ಸ್ವಲ್ಪ ಮುಂಚಿನ ರಕ್ (ನೆಲದ ಮೇಲಿನ ಚೆಂಡಿಗಾಗಿ ಎರಡೂ ಕಡೆಯವರು ನಡೆಸುವ ತಳ್ಳಾಟ) ಒಂದರಲ್ಲಿ ಆಸ್ಟ್ರೇಲಿಯಾದ ಕಾರ್ಲೊ ಟಿಜಾನೊ ನೆಲಕ್ಕೆ ಬಿದ್ದಿದ್ದ. ಲಯನ್ಸ್‌ನ ಜ್ಯಾಕ್ ಮಾರ್ಗನ್ ಅವನನ್ನು ಚೆಂಡಿನ ಮೇಲಿಂದ ತೆರವು ಮಾಡಿದ ರೀತಿಯ ಬಗ್ಗೆ ತಕರಾರು; ಅದು ತಪ್ಪೆಂದಾದರೆ ಟ್ರೈ ರದ್ದಾಗುತ್ತಿತ್ತು. ಪರದೆಯ ಮೇಲೆ ಮರುಪ್ರಸಾರ ಶುರುವಾಯಿತು. ಹುಡುಗ ಒಂದೆರಡು ಸಲ ನೋಡಿದ. ರೆಫರಿ ಆಂಡ್ರಿಯಾ ಪಿಯಾರ್ಡಿ ಟ್ರೈ ಎತ್ತಿಹಿಡಿದರು, ಲಯನ್ಸ್ ಗೆದ್ದಿತು. ಆಗ ಬಂತು ಆ ಪ್ರಶ್ನೆ.

“ಚಿಕ್ಕಮ್ಮ, ಈ ರೆಫರಿ ಯಾವ ದೇಶದವರು?”

“ಇಟಲಿ.”

“ಹಾಗಾದರೆ ಯುರೋಪಿನವರು. ಆ ಕಡೆಯವರೇ ಆದರಲ್ಲ!”

ಇಷ್ಟೇ. ಅವನು ಮುಂದಿನ ಮಾತಿಗೆ ಹೋದ. ನಾನು ಅಲ್ಲೇ ಉಳಿದೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸೇರಿ ಲಯನ್ಸ್ ಆಗುತ್ತದೆ. ಇಟಲಿ ಅದರಲ್ಲಿಲ್ಲ. ಪಾಸ್‌ಪೋರ್ಟ್ ನೋಡಿದರೆ ಪಿಯಾರ್ಡಿ ಎರಡೂ ಕಡೆಗೆ ಸೇರದವರು, ಪೂರ್ತಿ ತಟಸ್ಥರು. ಆದರೂ ಹುಡುಗನಿಗೆ ಅದು ಸಾಲಲಿಲ್ಲ. ಗೆರೆಯನ್ನು ದೇಶದಿಂದ ಖಂಡಕ್ಕೆ ಸರಿಸಿದ. ರೆಫರಿ ಇಟಲಿಯವರಾಗಿರದೆ ನ್ಯೂಜಿಲೆಂಡಿನವರಾಗಿದ್ದು, ತೀರ್ಪು ತಿರುವುಮುರುವಾಗಿದ್ದರೆ, “ನೆರೆಯವರೇ ಆದರಲ್ಲ” ಎನ್ನುತ್ತಿದ್ದನೇನೋ. ಒಮ್ಮೆ ಸಂಶಯ ಹುಟ್ಟಿದರೆ ಅದಕ್ಕೆ ತಕ್ಕ ಭೂಪಟ ಎಲ್ಲಿಂದಲಾದರೂ ಸಿಗುತ್ತದೆ. ಯಾವ ತಂಡವೂ ತನ್ನದಲ್ಲದ ಹುಡುಗನ ಬಾಯಿಂದ ಇದು ಬಂತಲ್ಲ ಎನ್ನುವುದೇ ನನ್ನನ್ನು ಅಲ್ಲಾಡಿಸಿದ್ದು. ಸೋತ ತಂಡದ ಅಭಿಮಾನಿ ಕೇಳಿದ್ದರೆ ನೋವಿನ ಮಾತೆಂದು ಬಿಟ್ಟುಬಿಡುತ್ತಿದ್ದೆ.

ಅವನು ಹೋದ ಮೇಲೆ ಆ ರಕ್ ಅನ್ನು ನಾನೊಬ್ಬಳೇ ಕೂತು ಮತ್ತೆ ನೋಡಿದೆ. ಟಿಜಾನೊ ಸೊಂಟದಿಂದ ಬಾಗಿ ಚೆಂಡಿನ ಮೇಲೆ ಕೈ ಹಾಕಿದ್ದಾನೆ, ತಲೆ ತಗ್ಗಿದೆ. ಎದುರಿನಿಂದ ಮಾರ್ಗನ್ ಬರುತ್ತಾನೆ, ಅವನೂ ತಗ್ಗಿಯೇ ಬರುತ್ತಾನೆ. ಭುಜ ಕುತ್ತಿಗೆಯ ಆಸುಪಾಸಿನಲ್ಲಿ ತಾಗುತ್ತದೆ. ಮರುಕ್ಷಣ ಟಿಜಾನೊ ಹಿಂದಕ್ಕೆ ಬೀಳುತ್ತಾನೆ. ಮಾಮೂಲಿ ವೇಗದಲ್ಲಿ ನೋಡಿದರೆ ರಗ್ಬಿಯಲ್ಲಿ ಹತ್ತಾರು ಸಲ ಕಾಣುವ ದೃಶ್ಯ. ನಿಧಾನಗತಿಯಲ್ಲಿ ನೋಡಿದರೆ ಮಾರ್ಗನ್ ಬೇಕೆಂದೇ ಗುರಿಯಿಟ್ಟು ಬಂದಂತೆ ಕಾಣುತ್ತದೆ. ವೇಗ ತಗ್ಗಿಸಿದ ಕೂಡಲೇ ಕಣ್ಣೆವೆ ಮಿಟುಕಿಸುವಷ್ಟರಲ್ಲಿ ನಡೆದದ್ದಕ್ಕೆ ಯೋಚನೆಯ ಹೊತ್ತು ಸೇರಿಕೊಳ್ಳುತ್ತದೆ; ಮೈದಾನದಲ್ಲಿ ಆಟಗಾರನಿಗೆ ಆ ಹೊತ್ತು ಇರಲೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಅದು ಆಸ್ಟ್ರೇಲಿಯಾಕ್ಕೆ ಸಿಗಬೇಕಿದ್ದ ಪೆನಾಲ್ಟಿ. ಭುಜ ತಾಗಿದ ಜಾಗ, ತೋಳು ಸುತ್ತುವುದಕ್ಕೂ ಮುಂಚೆ ತಾಗಿದ್ದು, ಎರಡನ್ನೂ ನೋಡಿ ಹೇಳುತ್ತೇನೆ. ಆಟಗಾರರ ತಲೆ, ಕುತ್ತಿಗೆಯ ಸುರಕ್ಷತೆಯ ಬಗ್ಗೆ ಇಷ್ಟು ವರ್ಷ ಆಡಿದ ಮಾತಿಗೂ ಈ ತೀರ್ಪಿಗೂ ಹೊಂದುವುದಿಲ್ಲ ಎಂದು ಆಸ್ಟ್ರೇಲಿಯಾದ ಕೋಚ್ ಜೋ ಶ್ಮಿಟ್ ಪಂದ್ಯದ ನಂತರ ಹೇಳಿದ್ದರಲ್ಲಿ ಹುರುಳಿದೆ. ಇಬ್ಬರೂ ಒಂದೇ ಹೊತ್ತಿಗೆ ಚೆಂಡಿನ ಬಳಿ ಬಂದರು ಎನ್ನುವುದು ಪಿಯಾರ್ಡಿ ಅವರ ನೋಟ. ಆ ನೋಟವೂ ಅದೇ ಚಿತ್ರದಲ್ಲಿದೆ; ಬೇಕಾದವರು ಬೆರಳಿಟ್ಟು ತೋರಿಸಬಹುದು. ನಾನು ಅವರ ತೀರ್ಪನ್ನು ಒಪ್ಪುವುದಿಲ್ಲ, ಆದರೆ ಅವರ ಪ್ರಾಮಾಣಿಕತೆಯನ್ನು ಸಂಶಯಿಸಲು ಒಂದು ಎಳೆಯಷ್ಟೂ ಕಾರಣ ಕಾಣುವುದಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳುವುದು ಯಾಕೆ ಇಷ್ಟು ಕಷ್ಟವಾಗಿದೆ?

ಯೋಚಿಸಿದಷ್ಟೂ ಬೆರಳು ವಿಡಿಯೊದ ಕಡೆಗೇ ತಿರುಗುತ್ತದೆ. ರೆಫರಿ ಬರಿಗಣ್ಣಿನಲ್ಲಿ ತೀರ್ಪು ಕೊಡುತ್ತಿದ್ದ ಕಾಲದಲ್ಲಿ ನಮ್ಮ ಬೈಗುಳ ಸರಳವಾಗಿತ್ತು: “ಕಣ್ಣು ಕಾಣಲಿಲ್ಲವೇ?” ಆ ಬೈಗುಳದ ಒಳಗೇ ಒಂದು ಕ್ಷಮೆಯೂ ಇತ್ತು. ಮೂವತ್ತು ಜನರ ನಡುವೆ ಓಡುತ್ತಿದ್ದಾರೆ, ಬೆನ್ನು ಅಡ್ಡ ಬಂತು, ಕಾಣಲಿಲ್ಲ. 2001ರಲ್ಲಿ ವಿಡಿಯೊ ರೆಫರಿ ಬಂದರು, 2015ರ ವಿಶ್ವಕಪ್‌ಗೆ ಹಾಕ್‌ಐ ಬಂತು, 2023ರಲ್ಲಿ ಕಾರ್ಡ್‌ಗಳನ್ನು ಮರುಪರಿಶೀಲಿಸುವ ‘ಬಂಕರ್’ ಬಂತು. ಈಗ ಅಧಿಕಾರಿಗೆ ಕಾಣಲಿಲ್ಲ ಎನ್ನುವ ಮಾತೇ ಹೋಯಿತು. ನಾನು ನೋಡಿದ್ದನ್ನೇ ಅವರೂ ನೋಡಿದ್ದಾರೆ, ನನಗಿಂತ ಹೆಚ್ಚು ಕೋನಗಳಿಂದ ನೋಡಿದ್ದಾರೆ. ಆದರೂ ನನಗೆ ಕಂಡದ್ದನ್ನು ಹೇಳುತ್ತಿಲ್ಲ. ಹಾಗಾದರೆ ಬೇಕೆಂದೇ ಹೇಳುತ್ತಿಲ್ಲ. ನೋಡುವವರ ಮನಸ್ಸು ಈ ಮೂರು ಹೆಜ್ಜೆಯನ್ನು ಎಷ್ಟು ಬೇಗ ಇಡುತ್ತದೆಂದರೆ, ಮಧ್ಯದ ಹೆಜ್ಜೆ ತಪ್ಪಾಗಿರಬಹುದು ಎಂದು ತಡೆದು ನಿಲ್ಲಲು ವ್ಯವಧಾನವೇ ಇರುವುದಿಲ್ಲ. ಹುಡುಗನ ಪ್ರಶ್ನೆ ಹುಟ್ಟಿದ್ದೂ ಹೀಗೆಯೇ. ಏನಾಯಿತು ಎಂದು ಅವನು ಕೇಳಲಿಲ್ಲ. ಏನಾಯಿತು ಎನ್ನುವುದು ತನಗೆ ಗೊತ್ತಾಗಿದೆ ಎಂದುಕೊಂಡಿದ್ದ. ಉಳಿದದ್ದು ಯಾಕೆ ಎನ್ನುವುದು ಮಾತ್ರ. ಅದಕ್ಕೆ ಪಾಸ್‌ಪೋರ್ಟ್ ಸುಲಭದ ಉತ್ತರ.

ನಾನು ನೋಡಿದ್ದನ್ನೇ ಅವರೂ ನೋಡಿದ್ದಾರೆ ಎನ್ನುವ ಮಾತೂ ಅರ್ಧ ಮಾತ್ರ ನಿಜ. ಅವರ ಮುಂದಿರುವ ಪ್ರಶ್ನೆ ಬೇರೆ. 2024ರ ಫೆಬ್ರುವರಿಯಲ್ಲಿ ಮರೇಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್ 16–20ರಿಂದ ಫ್ರಾನ್ಸ್‌ಗೆ ಸೋತ ಪಂದ್ಯದ ಕೊನೆಯ ಗಳಿಗೆಯಲ್ಲಿ ಸ್ಯಾಮ್ ಸ್ಕಿನ್ನರ್ ಮೈರಾಶಿಯ ಅಡಿಯಲ್ಲಿ ಚೆಂಡನ್ನು ನೆಲಕ್ಕೊತ್ತಿದರೇ ಇಲ್ಲವೇ ಎಂದು ಇಂದಿಗೂ ಜಗಳವಿದೆ. ರೆಫರಿ ನಿಕ್ ಬೆರಿ ಮೈದಾನದಲ್ಲಿ ಕೊಟ್ಟ ಪ್ರಾಥಮಿಕ ತೀರ್ಪು ‘ಟ್ರೈ ಇಲ್ಲ’. ಅಲ್ಲಿಂದ ಮುಂದೆ ವಿಡಿಯೊ ರೆಫರಿಯ ಕೆಲಸ ಟ್ರೈ ಆಯಿತೇ ಎಂದು ನೋಡುವುದಲ್ಲ. ಆ ತೀರ್ಪನ್ನು ತಿರುಗಿಸುವಷ್ಟು ಖಚಿತ ಸಾಕ್ಷ್ಯವಿದೆಯೇ ಎಂದು ನೋಡುವುದು. ಬೆರಿ ‘ಟ್ರೈ’ ಎಂದಿದ್ದರೆ ಅದೇ ಚಿತ್ರ ಟ್ರೈ ಆಗಿ ಉಳಿಯುತ್ತಿತ್ತು, ಸ್ಕಾಟ್ಲೆಂಡ್ ಗೆಲ್ಲುತ್ತಿತ್ತು. ಇಬ್ಬರು ರೆಫರಿಗಳ ಮಾತುಕತೆ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಚೆಂಡು ನೆಲ ಮುಟ್ಟಿತು ಎನ್ನುವ ಧಾಟಿಯಲ್ಲಿ ಸಾಗಿದ ಮಾತು ಕೊನೆಗೆ ಖಚಿತ ಸಾಕ್ಷ್ಯವಿಲ್ಲ ಎಂದು ಮುಗಿಯಿತು. ಸ್ಕಾಟ್ಲೆಂಡಿನವರ ಹೊಟ್ಟೆ ಉರಿದದ್ದು ಅಲ್ಲಿಯೇ, ನನ್ನದೂ ಉರಿಯಿತು. ಕ್ರಿಕೆಟ್ಟಿನ ‘ಅಂಪೈರ್ಸ್ ಕಾಲ್’ ಗೊತ್ತಿರುವವರಿಗೆ ಈ ತರ್ಕ ಹೊಸದಲ್ಲ. ಆದರೆ ಅಲ್ಲಿ ಚೆಂಡಿನ ದಾರಿಯನ್ನು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಹತ್ತು ಜನರ ಕೈಕಾಲುಗಳ ಕೆಳಗೆ ಹೂತ ಚೆಂಡಿಗೆ ಯಾವ ಗೆರೆ ಎಳೆಯುವುದು?

ಇನ್ನು ಪಾಸ್‌ಪೋರ್ಟ್‌ನ ವಿಚಾರ. 2023ರ ವಿಶ್ವಕಪ್ ಫೈನಲ್‌ನಲ್ಲಿ ಆಡಿದವರು ದಕ್ಷಿಣ ಆಫ್ರಿಕಾ ಮತ್ತು ನ್ಯೂಜಿಲೆಂಡ್. ರೆಫರಿ ವೇಯ್ನ್ ಬಾರ್ನ್ಸ್, ವಿಡಿಯೊ ರೆಫರಿ ಟಾಮ್ ಫೋಲಿ, ಇಬ್ಬರೂ ಇಂಗ್ಲಿಷರು. ನ್ಯೂಜಿಲೆಂಡಿನ ಆರನ್ ಸ್ಮಿತ್ ಅವರ ಟ್ರೈ ರದ್ದಾಯಿತು. ಅದಕ್ಕೆ ಮುಂಚಿನ ಲೈನ್‌ಔಟ್‌ನಲ್ಲಿ (ಬದಿಗೆರೆ ದಾಟಿದ ಚೆಂಡನ್ನು ಮತ್ತೆ ಒಳಗೆ ಎಸೆಯುವಾಗ) ಅದೇ ತಂಡದ ಆರ್ಡಿ ಸವೇಯಾ ಅವರಿಂದ ಚೆಂಡು ಮುಂದಕ್ಕೆ ಜಾರಿತ್ತು, ಅಂದರೆ ನಾಕ್‌ಆನ್ ಆಗಿತ್ತು. ಜಾರಿದ್ದು ನಿಜ. ಆದರೆ ಅಷ್ಟು ಹಿಂದಕ್ಕೆ ಹೋಗಿ ನಾಕ್‌ಆನ್ ಹುಡುಕಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಟ್ರೈಗೆ ಮುಂಚಿನ ಎರಡು ಹಂತಗಳವರೆಗೆ (ಒಂದು ರಕ್‌ನಿಂದ ಇನ್ನೊಂದರವರೆಗಿನ ಆಟ ಒಂದು ಹಂತ) ಮಾತ್ರ ಅನುಮತಿ. ಸತ್ಯವೇ ಹೊರಗೆ ಬಂತು, ಬರಬಾರದ ಬಾಗಿಲಿನಿಂದ ಬಂತು. ನ್ಯೂಜಿಲೆಂಡ್ 11–12ರಿಂದ ಸೋತಿತು. ಅದರ ನಾಯಕ ಸ್ಯಾಮ್ ಕೇನ್‌ಗೆ ಬಂಕರ್ ಹಳದಿ ಕಾರ್ಡನ್ನು ಕೆಂಪಾಗಿಸಿತ್ತು, ದಕ್ಷಿಣ ಆಫ್ರಿಕಾದ ನಾಯಕ ಸಿಯಾ ಕೊಲಿಸಿಯ ಹಳದಿ ಹಳದಿಯಾಗಿಯೇ ಉಳಿಯಿತು. ಅಧಿಕಾರಿಗಳ ಪಾಸ್‌ಪೋರ್ಟ್ ಇದಕ್ಕಿಂತ ತಟಸ್ಥವಾಗಿರಲು ಸಾಧ್ಯವಿರಲಿಲ್ಲ. ಅದು ಅವರನ್ನು ಕಾಪಾಡಿತೇ? ಬಾರ್ನ್ಸ್ ಆ ಪಂದ್ಯದೊಂದಿಗೆ ನಿವೃತ್ತರಾದರು. ಫೋಲಿ ಕುಟುಂಬಕ್ಕೂ ಬೆದರಿಕೆಗಳು ಬಂದ ಮೇಲೆ ಅಂತರರಾಷ್ಟ್ರೀಯ ಪಂದ್ಯಗಳಿಂದಲೇ ಹಿಂದೆ ಸರಿದರು.

ಇದಕ್ಕೆ ಪೂರ್ತಿ ತದ್ವಿರುದ್ಧದ ಉದಾಹರಣೆಯೂ ಇದೆ. 2021ರಲ್ಲಿ ಲಯನ್ಸ್ ದಕ್ಷಿಣ ಆಫ್ರಿಕಾಕ್ಕೆ ಹೋದಾಗ, ಕೊರೊನಾ ಕಾಲದ ಪ್ರಯಾಣದ ತೊಡಕಿನಿಂದ ನ್ಯೂಜಿಲೆಂಡಿನ ವಿಡಿಯೊ ರೆಫರಿ ಬರಲಾಗಲಿಲ್ಲ. ಅವರ ಜಾಗಕ್ಕೆ ದಕ್ಷಿಣ ಆಫ್ರಿಕಾದವರೇ ಆದ ಮಾರಿಯಸ್ ಯೊಂಕರ್ ಬಂದರು. ಲಯನ್ಸ್ ಪಾಳಯದಲ್ಲಿ ಕಿಡಿ ಹಾರಿತು. ಮೊದಲ ಟೆಸ್ಟಿನಲ್ಲಿ ಏನಾಯಿತು? ದಕ್ಷಿಣ ಆಫ್ರಿಕಾದ ವಿಲ್ಲಿ ಲೆ ರೂ ಗಳಿಸಿದ ಟ್ರೈಯನ್ನು ಕೂದಲೆಳೆಯ ಆಫ್‌ಸೈಡ್ ಎಂದು ರದ್ದು ಮಾಡಿಸಿದವರು ಇದೇ ಯೊಂಕರ್. ಲಯನ್ಸ್ 22–17ರಿಂದ ಗೆದ್ದಿತು. ಆ ಪಂದ್ಯದ ಮೈದಾನದ ರೆಫರಿ ಆಸ್ಟ್ರೇಲಿಯಾದ ನಿಕ್ ಬೆರಿ; ತಟಸ್ಥ ದೇಶದವರು. ಅವರ ಮೇಲೆಯೇ ಆಗ ದಕ್ಷಿಣ ಆಫ್ರಿಕಾದ ರಗ್ಬಿ ನಿರ್ದೇಶಕರಾಗಿದ್ದ ರಾಸಿ ಎರಾಸ್ಮಸ್ ಒಂದು ಗಂಟೆಗೂ ಮೀರಿದ ವಿಡಿಯೊ ಮಾಡಿ ತಪ್ಪುಗಳ ಪಟ್ಟಿ ಒಪ್ಪಿಸಿದರು, ಅದಕ್ಕಾಗಿ ಅಮಾನತಾದರು. ಎರಾಸ್ಮಸ್ ಈ ಆಟ ಕಂಡ ಅತಿ ಚುರುಕು ಬುದ್ಧಿಯವರಲ್ಲಿ ಒಬ್ಬರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಮನೆಯಲ್ಲೂ ರೆಫರಿಯನ್ನು ಕಟಕಟೆಗೆ ನಿಲ್ಲಿಸುವ ಚಾಳಿಗೆ ಅಷ್ಟು ದೊಡ್ಡ ಹೆಸರಿನವರು ಮುದ್ರೆ ಒತ್ತಿಬಿಟ್ಟರು ಎಂಬ ಬೇಸರ ನನ್ನಿಂದ ಇನ್ನೂ ಹೋಗಿಲ್ಲ.

“ಆ ಕಡೆಯವರೇ ಆದರಲ್ಲ!” ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಈ ವಾರವೆಲ್ಲ ಹುಡುಗನ ಆ ದನಿ ಕೇಳಿಸುತ್ತಲೇ ಇತ್ತು. ಬುಧವಾರ ಇನ್ನೊಂದು ವಿಷಯ ಹೊಳೆದು ಸಿಟ್ಟೇ ಬಂತು. 2025ರ ಆ ಪ್ರವಾಸದ ಲಯನ್ಸ್ ತಂಡದಲ್ಲಿ ಜೇಮ್ಸ್ ಲೋ, ಜೇಮಿಸನ್ ಗಿಬ್ಸನ್-ಪಾರ್ಕ್, ಬಂಡೀ ಆಕಿ ನ್ಯೂಜಿಲೆಂಡಿನಲ್ಲಿ ಹುಟ್ಟಿದವರು. ಸಿಯೊನೆ ಟುಯಿಪುಲೊಟು ಆಸ್ಟ್ರೇಲಿಯಾದಲ್ಲೇ ಹುಟ್ಟಿ, ಆಸ್ಟ್ರೇಲಿಯಾದ ವಿರುದ್ಧವೇ ಟೆಸ್ಟ್ ಆಡಿದರು. ಎದುರಿನ ಕೋಚ್ ಶ್ಮಿಟ್ ನ್ಯೂಜಿಲೆಂಡಿನವರು, ಹಿಂದೆ ಐರ್ಲೆಂಡಿನ ಕೋಚ್ ಆಗಿದ್ದವರು. ಲಯನ್ಸ್ ಕೋಚ್ ಆಂಡಿ ಫ್ಯಾರೆಲ್ ಆಗ ಅವರ ಸಹಾಯಕ. ವೃತ್ತಿಪರ ರಗ್ಬಿಯಲ್ಲಿ ಆಟಗಾರ ಗಡಿ ದಾಟುತ್ತಾನೆ, ಕೋಚ್ ಗಡಿ ದಾಟುತ್ತಾನೆ, ಹುಟ್ಟಿದ ನೆಲದ ವಿರುದ್ಧ ಮೈಮುರಿದು ಆಡುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅವರ ನಿಷ್ಠೆ ಕೆಲಸಕ್ಕೆ ಎಂದು ನಂಬುತ್ತೇವೆ. ಎರಡು ತಂಡಕ್ಕೂ ಸಂಬಂಧವಿಲ್ಲದ, ಕೆಲಸವೇ ನ್ಯಾಯ ನೋಡುವುದಾದ ಒಬ್ಬ ಮನುಷ್ಯನಿಗೆ ಮಾತ್ರ ಅದೇ ನಂಬಿಕೆಯನ್ನು ಕೊಡಲು ನಮಗೆ ಕೈ ಬರುವುದಿಲ್ಲ.

2011ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ವೇಲ್ಸ್ ನಾಯಕ ಸ್ಯಾಮ್ ವಾರ್‌ಬರ್ಟನ್‌ಗೆ ಅಲೆನ್ ರೋಲಂಡ್ ಕೆಂಪು ಕಾರ್ಡ್ ತೋರಿಸಿದಾಗ, ಐರ್ಲೆಂಡಿನ ಆ ರೆಫರಿಯ ತಂದೆ ಫ್ರೆಂಚ್ ಎನ್ನುವುದು ಮರುದಿನದೊಳಗೆ ಊರೆಲ್ಲ ಗೊತ್ತಾಗಿತ್ತು. ಎದುರಾಳಿ ಫ್ರಾನ್ಸ್ 9–8ರಿಂದ ಗೆದ್ದಿತ್ತು. ಆದರೆ ಆಟಗಾರನನ್ನು ಎತ್ತಿ ತಲೆಕೆಳಗಾಗಿಸಿದ ಆ ಟ್ಯಾಕಲ್‌ಗೆ ಕೆಂಪು ಕಾರ್ಡೇ ಸರಿ ಎಂದು ಆಮೇಲೆ ಒಪ್ಪಿದವರು ವಾರ್‌ಬರ್ಟನ್ ಅವರೇ. ತಪ್ಪು ಮಾಡಿದವನಿಗೆ ಅರ್ಥವಾದದ್ದು ಅವನ ಪರ ವಾದಿಸುವವರಿಗೆ ಅರ್ಥವಾಗಲಿಲ್ಲ.

ಹಾಗೆಂದು ಮೂರನೇ ದೇಶದ ರೆಫರಿ ಬೇಡ ಎನ್ನುತ್ತಿಲ್ಲ. ಇರಲಿ. ಆದರೆ ಅದರಿಂದಲೇ ನಂಬಿಕೆ ಹುಟ್ಟುತ್ತದೆ ಎಂದು ಆಡಳಿತ ಕೈಕಟ್ಟಿ ಕೂತರೆ ಆಗದು. ನನಗೆ ಬೇಕಿರುವುದು ವಿವರಣೆ. 2015ರಲ್ಲಿ ಸ್ಕಾಟ್ಲೆಂಡ್ ಒಂದೇ ಅಂಕದಿಂದ ಆಸ್ಟ್ರೇಲಿಯಾಕ್ಕೆ ಸೋತಾಗ, ರೆಫರಿ ಕ್ರೇಗ್ ಜೂಬರ್ ಕೊಟ್ಟ ಪೆನಾಲ್ಟಿ ತಪ್ಪು, ಸ್ಕ್ರಮ್ (ಎರಡೂ ಕಡೆಯವರು ಕೂಡಿ ತಳ್ಳಾಡಿ ಆಟವನ್ನು ಮತ್ತೆ ಶುರು ಮಾಡುವುದು) ಕೊಡಬೇಕಿತ್ತು ಎಂದು ಆಟದ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿ ಬಹಿರಂಗವಾಗಿ ಹೇಳಿತು. ಆ ಗಳಿಗೆಯಲ್ಲಿ ವಿಡಿಯೊ ನೋಡಲು ನಿಯಮವೇ ಅವರಿಗೆ ಅವಕಾಶ ಕೊಟ್ಟಿರಲಿಲ್ಲ. ಒಬ್ಬ ಮನುಷ್ಯನ ಒಂದು ತಪ್ಪನ್ನು ಎತ್ತಿ ತೋರಿಸಿದ್ದು ವಿವರಣೆಯಲ್ಲ, ಅವನನ್ನು ಗುಂಪಿಗೆ ಒಪ್ಪಿಸಿದಂತೆ. ಪ್ರತಿ ದೊಡ್ಡ ಪಂದ್ಯದ ನಂತರ ತಕರಾರಿನ ತೀರ್ಪುಗಳನ್ನೆಲ್ಲ, ಸರಿಯಾದವನ್ನೂ ಸೇರಿಸಿ, ವಿಡಿಯೊ ಸಮೇತ ಮುಂದಿಡಲಿ: ಯಾವ ಕೋನ ಲಭ್ಯವಿತ್ತು, ಯಾವ ಪ್ರಶ್ನೆ ಕೇಳಲಾಯಿತು, ಯಾವ ನಿಯಮಕ್ಕೆ ಯಾವ ಮಿತಿಯಿತ್ತು, ಯಾವುದು ಇಬ್ಬರು ಒಳ್ಳೆಯ ರೆಫರಿಗಳು ಎರಡು ರೀತಿ ನೋಡಬಹುದಾದ ತೀರ್ಪು. ಈ ಕೊನೆಯ ಬಗೆಯದನ್ನು ಆ ಹೆಸರಿನಿಂದಲೇ ಕರೆಯುವ ಧೈರ್ಯವೂ ಇರಲಿ. ಮಾರ್ಗನ್‌ನ ಆ ರಕ್ ಅದೇ ಸಾಲಿಗೆ ಸೇರುತ್ತದೆ. ನಾನು ಈಗಲೂ ಪೆನಾಲ್ಟಿ ಎಂದೇ ಹೇಳುತ್ತೇನೆ.