ವೃತ್ತಿ ಆರಂಭ: 1977 ಅಲ್ಲ, 1957

ಸಿನಿಮಾ ನೋಡುವ ಒಂದು ಆ್ಯಪ್‌ಗೆ ನಟನಟಿಯರ ಪರಿಚಯ ಬರೆಯುವುದು ನನ್ನ ಕೆಲಸ. ಒಬ್ಬರಿಗೆ ಅರವತ್ತು ಪದ. ಅದರ ಮೇಲೆ ಎರಡು ಖಾನೆ: ಹುಟ್ಟೂರು, ವೃತ್ತಿ ಆರಂಭ.

ಹೋದ ವರ್ಷ ವಿಯೆಟ್ನಾಂ ನಟಿ ಕಿಯೂ ಚಿನ್ ಅವರ ಸರದಿ ಬಂತು. ಹುಟ್ಟೂರು ಹನೋಯ್. ವೃತ್ತಿ ಆರಂಭ 1977 ಅಂತ ಹಾಕಿದೆ. ಅಮೆರಿಕದ 'ಮ್ಯಾಶ್' ಧಾರಾವಾಹಿಯಲ್ಲಿ ಅವರು ಕಾಣಿಸಿಕೊಂಡ ವರ್ಷ ಅದು. 'ನಿರಾಶ್ರಿತೆಯಾಗಿ ಬಂದು ಹಾಲಿವುಡ್‌ನಲ್ಲಿ ನಟಿಯಾದರು' ಅಂತ ಬರೆದೆ. 1993ರ 'ದಿ ಜಾಯ್ ಲಕ್ ಕ್ಲಬ್' ಹೆಸರು ಸೇರಿಸಿ ಕಳಿಸಿಬಿಟ್ಟೆ.

ಎಡಿಟರ್ ಮೇಡಂ ಕರೆದರು. "ಇವರು ದೇವ್ ಆನಂದ್ ಜೊತೆ ಒಂದು ಸಿನಿಮಾ ಮಾಡಿದ್ದಾರೆ ಅಲ್ವಾ? ಅದು ಯಾವಾಗ?"

'ದಿ ಈವಿಲ್ ವಿದಿನ್'. 1970. ನನ್ನ ಖಾನೆಗಿಂತ ಏಳು ವರ್ಷ ಹಿಂದೆ. ಅದು ಅವರ ಸಿನಿಮಾಗಳ ಪಟ್ಟಿಯಲ್ಲೇ ಇತ್ತು. ನಾನು ಅಷ್ಟು ಕೆಳಗಿನವರೆಗೆ ಓದಿರಲೇ ಇಲ್ಲ.

ಮತ್ತೆ ಮೊದಲಿನಿಂದ ಕೂತೆ. 1954ರಲ್ಲಿ ದೇಶ ಎರಡು ಹೋಳಾದಾಗ ಕಿಯೂ ಚಿನ್‌ಗೆ ಹದಿನೇಳು ತುಂಬಿರಲಿಲ್ಲ. ತಂದೆ ಉತ್ತರದ ಹನೋಯ್‌ನಲ್ಲೇ ಉಳಿದರು, ಮಗಳು ದಕ್ಷಿಣದ ರಾಜಧಾನಿ ಸೈಗಾನ್ ಸೇರಿದಳು. 1957ರಲ್ಲಿ ಮೊದಲ ಸಿನಿಮಾ. ಆಮೇಲೆ ದಕ್ಷಿಣ ವಿಯೆಟ್ನಾಂನ ದೊಡ್ಡ ತಾರೆ, ನಿರ್ಮಾಪಕಿ ಕೂಡ. 1975ರಲ್ಲಿ ಸೈಗಾನ್ ಉತ್ತರದ ಸೇನೆಯ ಕೈಗೆ ಬಿದ್ದಾಗ ಎಲ್ಲ ಬಿಟ್ಟು ಕೆನಡಾದ ಟೊರಾಂಟೊಗೆ ಬಂದರು. ಅಲ್ಲಿ ಸಿಕ್ಕಿದ್ದು ಕೋಳಿ ಫಾರಂ ಕೆಲಸ. ಮೊನ್ನೆಮೊನ್ನೆವರೆಗೆ ಕ್ಯಾಮೆರಾ ಮುಂದೆ ನಿಂತಿದ್ದವರು ಕೋಳಿಗಳ ಗಲೀಜು ತೊಳೆದರು. ಹಾಲಿವುಡ್ ನಟಿ ಟಿಪ್ಪಿ ಹೆಡ್ರನ್ ನೆರವಾದ ಮೇಲೆ ಅಮೆರಿಕಕ್ಕೆ ಬಂದರು.

ಇದನ್ನು ಓದುವಾಗ ನಿಜಕ್ಕೂ ನಾಚಿಕೆಯಾಯಿತು. ಯುದ್ಧ ಅವರಿಂದ ಮನೆ, ಊರು, ಕೆಲಸ ಎಲ್ಲ ಕಿತ್ತುಕೊಂಡಿತ್ತು. ಉಳಿದಿದ್ದು ಹದಿನೆಂಟು ವರ್ಷ ದುಡಿದ ಹೆಸರು. ಖಾನೆ ತುಂಬುವ ಅವಸರದಲ್ಲಿ ಅದನ್ನೂ ನಾನು ಅಳಿಸಿದ್ದೆ.

ಈಗ ಇಸವಿ ಹಾಕುವ ಮುಂಚೆ 'ಅದಕ್ಕೂ ಹಿಂದೆ ಇವರು ಏನು ಮಾಡ್ತಿದ್ರು?' ಅಂತ ಕೇಳಿಕೊಳ್ಳುತ್ತೇನೆ. ಊರು ಬಿಟ್ಟು ಬಂದವರಾದರೆ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ. ಒಬ್ಬೊಬ್ಬರಿಗೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಕಿಯೂ ಚಿನ್ ಅವರ ಪರಿಚಯ ಹೊಸದಾಗಿ ಬರೆದೆ. ಅರವತ್ತರಲ್ಲಿ ಮೂವತ್ತು ಪದ ಸೈಗಾನ್‌ಗೇ ಹೋಯಿತು. ಕೊನೆಯ ಸಾಲಿನಲ್ಲಿ 'ದಿ ಸಿಂಪಥೈಸರ್' ಸರಣಿ. 2024ರಲ್ಲಿ ಅದು ಬಂದಾಗ ಅವರಿಗೆ 86 ವರ್ಷ.